ಹಳೇ ಪಿಕಪ್ ಎಳೆಯುತ್ತಿಲ್ಲ, ಹೀಟೂ ಆಗುತ್ತಿದೆ: ಹೆಡ್ ಇಳಿಸುವ ಮೊದಲು ನೋಡಬೇಕಾದದ್ದು

ಲೋಡ್ ಹಾಕಿದರೆ ಎಳೆಯುತ್ತಿಲ್ಲ, ಹೀಟ್ ಮೀಟರಿನ ಮುಳ್ಳೂ ಮೇಲೆ ಹೋಗುತ್ತಿದೆ ಎಂದು ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ ಬಹಳ ಕಡೆ ಎರಡೇ ಮಾತು ಕೇಳಿಬರುತ್ತವೆ: ಡೀಸೆಲ್ ಪಂಪ್ ಬಿಚ್ಚಬೇಕು, ಇಲ್ಲವೇ ಹೆಡ್ (ಸಿಲಿಂಡರುಗಳ ಮೇಲಿನ ಭಾಗ) ಇಳಿಸಬೇಕು. ಎರಡೂ ದುಬಾರಿ ಕೆಲಸ. ಆದರೆ ಎಷ್ಟೋ ಸಲ ಕಾಯಿಲೆ ಇರುವುದು ಸವೆದ ರೇಡಿಯೇಟರ್ ಕ್ಯಾಪಿನಲ್ಲಿ, ಜಗ್ಗಿದ ಎಕ್ಸಲರೇಟರ್ ಕೇಬಲಿನಲ್ಲಿ, ಅಥವಾ ಬಿಡದೆ ಹಿಡಿದುಕೊಂಡ ಹಿಂದಿನ ಬ್ರೇಕಿನಲ್ಲಿ. ಆದ್ದರಿಂದ ಇಲ್ಲಿನ ಕ್ರಮ ಒಂದೇ: ಖರ್ಚಿಲ್ಲದ್ದನ್ನು ಮೊದಲು ನೋಡುವುದು, ಬಿಚ್ಚಿ ನೋಡುವಂಥದ್ದನ್ನು ಕೊನೆಗೆ ಇಟ್ಟುಕೊಳ್ಳುವುದು.

ಕೆಳಗಿನ ವಿವರ ಮುಖ್ಯವಾಗಿ ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ಹಳೆಯ ಗಾಡಿಗಳಿಗೆ: ಹಳೆಯ ಬೊಲೆರೊ ಪಿಕಪ್, ಟಾಟಾ 207 ಡಿಐ ಮತ್ತು ಅದೇ ಕಾಲದ ಇತರ ಪಿಕಪ್‌ಗಳು. ಕಾಮನ್ ರೈಲ್ ಎಂಜಿನ್ (ಡೀಸೆಲ್ ಅಳತೆಯನ್ನು ಕಂಪ್ಯೂಟರ್ ನೋಡಿಕೊಳ್ಳುವಂಥದ್ದು) ಆದರೆ ಮೊದಲು ಚೆಕ್ ಎಂಜಿನ್ ಲೈಟ್ ನೋಡಿ, ಸ್ಕ್ಯಾನರ್ ಹಾಕಿಸಿ. ಅಂಥ ಎಂಜಿನ್ ಹೀಟ್ ಆದಾಗ ಕಂಪ್ಯೂಟರ್ ತಾನೇ ಡೀಸೆಲ್ ಕಡಿಮೆ ಮಾಡುವುದರಿಂದ ದಮ್, ಅಂದರೆ ಎಳೆಯುವ ಶಕ್ತಿ, ಹೋಗುವುದು ಹೀಟಿನ ಪರಿಣಾಮವೇ ಆಗಿರಬಹುದು. ಮೆಕ್ಯಾನಿಕಲ್ ಪಂಪಿಗೆ ಈ ಬುದ್ಧಿ ಇಲ್ಲ. ಎಂಜಿನ್ ಬೇಯುತ್ತಿದ್ದರೂ ಅದು ಡೀಸೆಲ್ ಸುರಿಯುತ್ತಲೇ ಇರುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಹೀಟ್ ಯಾವಾಗ ಆಗುತ್ತದೆ? ಸಿಗ್ನಲ್ಲಿನಲ್ಲಿ, ಮಾರ್ಕೆಟ್ ಗಲ್ಲಿಯಲ್ಲಿ ನಿಂತಾಗ ಮುಳ್ಳು ಏರಿ, ಹೈವೇಗೆ ಬಂದೊಡನೆ ಇಳಿದರೆ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ. ಫ್ಯಾನ್, ಬೆಲ್ಟ್, ಫ್ಯಾನಿನ ಸುತ್ತಲಿನ ಕವರ್ ನೋಡಿ. ಊರೊಳಗೆ ಸರಿಯಿದ್ದು, ಹೈವೇಯಲ್ಲಿ 70 ದಾಟಿದಾಗ ಅಥವಾ ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಘಾಟಿ ಏರುವಾಗ ಮಾತ್ರ ಹೀಟ್ ಆದರೆ ನೀರಿನ ಓಟ ಸಾಲುತ್ತಿಲ್ಲ: ರೇಡಿಯೇಟರ್ ಒಳಗೆ ಕಟ್ಟಿದೆ, ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಅರ್ಧ ತೆರೆಯುತ್ತಿದೆ, ಅಥವಾ ವಾಟರ್ ಬಾಡಿ, ಅಂದರೆ ನೀರು ಸುತ್ತಿಸುವ ಪಂಪ್, ಸವೆದಿದೆ. ಸ್ಟಾರ್ಟ್ ಮಾಡಿ ಹತ್ತು ನಿಮಿಷದೊಳಗೇ, ಖಾಲಿ ಗಾಡಿಯಲ್ಲೂ ಹೀಟ್ ಆದರೆ ನೀರು ಕಡಿಮೆಯಿದೆ, ಥರ್ಮೋಸ್ಟಾಟ್ ಮುಚ್ಚಿಯೇ ಕೂತಿದೆ, ಇಲ್ಲವೇ ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಎರಡನೆಯದು ಹೊಗೆ. ಫುಲ್ ಎಕ್ಸಲರೇಟರ್ ಕೊಟ್ಟು ಏರು ಹತ್ತಿಸುವಾಗ ಹಿಂದೆ ಬರುವವರೊಬ್ಬರು ಹೊಗೆ ನೋಡಿ ಹೇಳಲಿ. ದಮ್ಮೂ ಇಲ್ಲ, ಹೊಗೆಯೂ ಇಲ್ಲ ಎಂದರೆ ಎಂಜಿನ್ನಿಗೆ ಡೀಸೆಲ್ಲೇ ಸಾಲುತ್ತಿಲ್ಲ. ಕಪ್ಪು ಹೊಗೆ ಬಂದರೆ ಡೀಸೆಲ್ ಇದೆ, ಗಾಳಿ ಸಾಲದು, ಅಥವಾ ನಾಝಲ್ ಡೀಸೆಲ್ಲನ್ನು ಸರಿಯಾಗಿ ಸಿಂಪಡಿಸುತ್ತಿಲ್ಲ. ಕಣ್ಣು ಉರಿಸುವ ಬಿಳಿ ಹೊಗೆ ಸುಡದ ಡೀಸೆಲ್ಲಿನದು, ಅಂದರೆ ಪಂಪಿನ ಟೈಮಿಂಗ್ ಹಿಂದೆ ಬಿದ್ದಿದೆ (ಡೀಸೆಲ್ ತಡವಾಗಿ ಬೀಳುತ್ತಿದೆ) ಅಥವಾ ಕಂಪ್ರೆಷನ್ ಇಲ್ಲ. ಬಿಳಿ ಹೊಗೆಗೆ ಸಿಹಿ ವಾಸನೆ ಇದ್ದರೆ ಕೂಲೆಂಟ್ ಸುಡುತ್ತಿದೆ. ನೀಲಿ ಹೊಗೆ ಆಯಿಲಿನದು.

ಡೀಸೆಲ್ ಕಡಿಮೆಯಾದರೆ ಬೆಂಕಿಯೂ ಕಡಿಮೆ, ಶಾಖವೂ ಕಡಿಮೆ. ಅಂದರೆ ಡೀಸೆಲ್ ಫಿಲ್ಟರ್ ಕಟ್ಟಿದ ಗಾಡಿ ಎಳೆಯುವುದಿಲ್ಲ ಅಷ್ಟೆ, ಸಾಮಾನ್ಯವಾಗಿ ಹೀಟ್ ಆಗುವುದಿಲ್ಲ. ಹೊಗೆಯಿಲ್ಲದೆ ದಮ್ ಹೋಗಿ, ಜೊತೆಗೆ ಹೀಟೂ ಆದರೆ ಎರಡು ಬೇರೆ ಬೇರೆ ಕಾಯಿಲೆ ಇವೆ, ಅಥವಾ ಗಾಡಿಯನ್ನು ಯಾವುದೋ ಹಿಡಿದೆಳೆಯುತ್ತಿದೆ. ಒಂದೇ ಕಾರಣದಿಂದ ಎರಡೂ ಬರುವುದು ಇವುಗಳಲ್ಲಿ: ಗಾಳಿಯ ಕೊರತೆ, ಕಟ್ಟಿದ ಸೈಲೆನ್ಸರ್, ಹಿಂದೆ ಬಿದ್ದ ಟೈಮಿಂಗ್, ಹಿಡಿದ ಬ್ರೇಕ್, ಜಾರುವ ಕ್ಲಚ್, ಹೋದ ಹೆಡ್ ಗ್ಯಾಸ್ಕೆಟ್.

ಬೇಕಾದ ಸಾಮಾನು

ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಸುಳ್ಳು ಲೆಕ್ಕ ತೋರಿಸುತ್ತದೆ, ಹಾಗಾಗಿ ನೋಡುವ ಜಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಫೀಲರ್ ಗೇಜ್, ಜಾಕ್ ಮತ್ತು ಗಟ್ಟಿ ಸ್ಟ್ಯಾಂಡ್, 1 ಮೀಟರ್ ಪಾರದರ್ಶಕ ಡೀಸೆಲ್ ಪೈಪ್, 5 ಲೀಟರ್ ಕ್ಯಾನ್, ಸೋಪಿನ ನೀರು, ಅಡುಗೆಮನೆಯಿಂದ ಒಂದು ಹಳೆಯ ಪಾತ್ರೆ. ಮೀಟರಿನ ಮುಳ್ಳನ್ನು ಪೂರ್ತಿ ನಂಬಬೇಡಿ. ನೀರು ಖಾಲಿಯಾಗಿ ಸೆನ್ಸರ್ ಬರೀ ಆವಿಯಲ್ಲಿ ಉಳಿದರೆ, ಕೆಂಪಿನಲ್ಲಿದ್ದ ಮುಳ್ಳು ತಟ್ಟನೆ ಕೆಳಗಿಳಿಯಬಹುದು. ತಣ್ಣಗಾಯಿತು ಎಂದು ಓಡಿಸಿದವರ ಎಂಜಿನ್ ಸೀಜ್ ಆಗುವುದು ಹೀಗೆಯೇ.

ದಮ್ಮಿನ ಕಡೆಯಿಂದ

1. ಎಕ್ಸಲರೇಟರ್. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ನೀವು ಬಾನೆಟ್ ಎತ್ತಿ ಪಂಪಿನ ಲಿವರ್ ನೋಡಿ. ಅದು ಹೋಗಿ ಫುಲ್ ಸ್ಟಾಪರ್ ಬೋಲ್ಟಿಗೆ ತಾಗಬೇಕು. ಕೇಬಲ್ ಜಗ್ಗಿದ್ದರೆ, ಪೆಡಲ್ ಅಡಿಗೆ ಮ್ಯಾಟ್ ಸಿಕ್ಕಿದ್ದರೆ ತಾಗುವುದಿಲ್ಲ. ಐದು ನಿಮಿಷದ ಕೆಲಸ ಇದು, ಇದನ್ನು ಬಿಟ್ಟು ಪಂಪ್ ಇಳಿಸಿದ ಗಾಡಿಗಳಿಗೆ ಲೆಕ್ಕವಿಲ್ಲ.

2. ಹಿಡಿದ ಬ್ರೇಕ್. ಸಮತಟ್ಟು, ಖಾಲಿ ರಸ್ತೆಯಲ್ಲಿ 40ರಲ್ಲಿ ನ್ಯೂಟ್ರಲ್ ಮಾಡಿ ಬಿಡಿ. ಆರೋಗ್ಯವಂತ ಗಾಡಿ ಸಲೀಸಾಗಿ ಉರುಳುತ್ತಾ ಹೋಗುತ್ತದೆ, ಬ್ರೇಕ್ ಹಿಡಿದ ಗಾಡಿ ಬೇಗ ನಿಲ್ಲುತ್ತದೆ. ಬಳಿಕ ಆದಷ್ಟೂ ಬ್ರೇಕ್ ಮುಟ್ಟದೆ 5 ಕಿ.ಮೀ. ಓಡಿಸಿ ನಾಲ್ಕೂ ಡ್ರಮ್ ಮತ್ತು ಡಿಸ್ಕಿನ ಶಾಖ ಅಳೆಯಿರಿ. ಒಂದೇ ಆಕ್ಸಲ್ಲಿನ ಎಡಕ್ಕೂ ಬಲಕ್ಕೂ 20 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಸಿಯಾದ ಕಡೆ ಹಿಡಿದಿದೆ. ಆ ಚಕ್ರವನ್ನು ಜಾಕಿನಲ್ಲಿ ಎತ್ತಿ ತಿರುಗಿಸಿ, ಗಟ್ಟಿಯಿದ್ದರೆ ಬ್ಲೀಡರ್ ಸ್ಕ್ರೂ (ಬ್ರೇಕ್ ಎಣ್ಣೆಯಲ್ಲಿನ ಗಾಳಿ ತೆಗೆಯುವ ಸ್ಕ್ರೂ) ಸ್ವಲ್ಪ ಸಡಿಲಿಸಿ. ಎಣ್ಣೆ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಪ್ರೆಷರ್ ಒಳಗೇ ಉಳಿಯುತ್ತಿದೆ ಎಂದರ್ಥ: ರಬ್ಬರ್ ಹೋಸ್ ಒಳಗೆ ಊದಿಕೊಂಡಿದೆ ಅಥವಾ ಮಾಸ್ಟರ್ ಸಿಲಿಂಡರ್ ರಾಡಿಗೆ ಫ್ರೀ ಪ್ಲೇ ಇಲ್ಲ. ಆಮೇಲೂ ಬಿಡದಿದ್ದರೆ ಶೂ ಅಡ್ಜಸ್ಟ್‌ಮೆಂಟ್ ಬಿಗಿಯಾಗಿದೆ, ಸ್ಪ್ರಿಂಗ್ ತುಂಡಾಗಿದೆ, ಅಥವಾ ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕು ಹಿಡಿದು ಹಿಂದಿರುಗುತ್ತಿಲ್ಲ. ಬ್ಲೀಡರ್ ಬಿಚ್ಚಿದ ಮೇಲೆ ಬ್ರೇಕ್ ಬ್ಲೀಡ್ ಮಾಡದೆ ಗಾಡಿ ಹೊರಗೆ ತೆಗೆಯಬೇಡಿ.

3. ಕ್ಲಚ್. ಟಾಪ್ ಗೇರಿನಲ್ಲಿ 40ರಿಂದ ಫುಲ್ ಎಕ್ಸಲರೇಟರ್ ಕೊಡಿ. ಎಂಜಿನ್ ಸದ್ದು ಏರಿ ಸ್ಪೀಡ್ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಸುಟ್ಟ ವಾಸನೆಯೂ ಬರುತ್ತದೆ.

4. ಗಾಳಿ ಒಳಗೆ ಬರುವ ದಾರಿ. ಫಿಲ್ಟರ್ ತೆಗೆದು ಒಳಗಿನಿಂದ ಬಲ್ಬ್ ಹಿಡಿದು ನೋಡಿ, ಬೆಳಕು ಕಾಣದಿದ್ದರೆ ಬದಲಿಸಿ. ಇಟ್ಟಿಗೆ ಗೂಡು, ಕ್ರಷರ್ ಕಡೆ ಓಡುವ ಗಾಡಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಅನ್ವಯಿಸುವುದಿಲ್ಲ, ಅದರ ಅರ್ಧಕ್ಕೇ ನೋಡಬೇಕು. ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಬಿಟ್ಟರೆ ಕಾಗದ ಹರಿಯುತ್ತದೆ, ಆ ತೂತಿನಿಂದ ಹೋದ ಧೂಳು ಲೈನರನ್ನೂ ಟರ್ಬೊ ಫ್ಯಾನನ್ನೂ ತಿನ್ನುತ್ತದೆ.

ಟರ್ಬೊ ಇದ್ದರೆ ಅಲ್ಲಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೂ, ಇಂಟರ್‌ಕೂಲರಿನಿಂದ ಮ್ಯಾನಿಫೋಲ್ಡಿಗೂ ಹೋಗುವ ಹೋಸ್‌ಗಳಿಗೆ ಸೋಪಿನ ನೀರು ಬಳಿದು, ಎಂಜಿನ್ ರೇಸ್ ಮಾಡಿಸಿ ಗುಳ್ಳೆ ನೋಡಿ. ಲೋಡ್ ಇಲ್ಲದಾಗ ಟರ್ಬೊ ಪ್ರೆಷರ್ ಕಡಿಮೆ, ಸಣ್ಣ ಬಿರುಕು ಹೀಗೆ ಸಿಗದೇ ಹೋಗಬಹುದು. ಹೋಸ್ ಮಡಚಿ, ಅಡಿಭಾಗದಲ್ಲಿ ಬೆರಳಾಡಿಸಿ. ಆಯಿಲ್ ಜಿನುಗಿ ಧೂಳು ಮೆತ್ತಿದ ಗೆರೆ ಎಲ್ಲಿದೆಯೋ ಸೋರಿಕೆ ಅಲ್ಲಿದೆ. ಮ್ಯಾನಿಫೋಲ್ಡಿನಿಂದ ಪಂಪಿನ ತಲೆಗೆ ಹೋಗುವ ಸಣ್ಣ ಪೈಪನ್ನು ಮರೆಯಬೇಡಿ. ಟರ್ಬೊ ಗಾಳಿ ಬಂದಿದೆ, ಡೀಸೆಲ್ ಹೆಚ್ಚಿಸು ಎಂದು ಪಂಪಿಗೆ ಹೇಳುವುದು ಅದೇ. ಅದು ಒಡೆದರೆ ಅಥವಾ ಒಳಗಿನ ಡಯಾಫ್ರಾಮ್ ಹರಿದರೆ, ಹೊಗೆಯೇ ಇಲ್ಲದೆ ದಮ್ ಮಾತ್ರ ಹೋಗುತ್ತದೆ.

5. ಹೊಗೆ ಹೊರಗೆ ಹೋಗುವ ದಾರಿ. ಸೈಲೆನ್ಸರ್ ಒಳಗಿನ ತಟ್ಟೆ ಮುರಿದು ಅಡ್ಡ ಬಿದ್ದರೆ ಎಂಜಿನ್ ಉಸಿರು ಬಿಡಲಾರದು. ಸುಟ್ಟ ಗಾಳಿ ಒಳಗೇ ಉಳಿದು ಹೊಸ ಗಾಳಿಗೆ ಜಾಗವಿಲ್ಲದೆ ಕಪ್ಪು ಹೊಗೆ, ಹೀಟ್, ದಮ್ ಇಲ್ಲ, ಮೂರೂ ಬರುತ್ತವೆ. ತಣ್ಣಗಿದ್ದಾಗ ಟರ್ಬೊ ಅಥವಾ ಮ್ಯಾನಿಫೋಲ್ಡಿನ ಕೆಳಗಿನ ಜಾಯಿಂಟ್ ಸಡಿಲಿಸಿ ಒಂದು ಸಣ್ಣ ಸುತ್ತು ಓಡಿಸಿ. ಸದ್ದು ಜೋರಾಗುತ್ತದೆ, ಆದರೆ ದಮ್ ಮರಳಿದರೆ ಸೈಲೆನ್ಸರ್ ಕಳ್ಳ. ಹೊರಬರುವ ಬಿಸಿ ಗಾಳಿ ವೈರಿಂಗಿಗೂ ಡೀಸೆಲ್ ಪೈಪಿಗೂ ತಾಗದಂತೆ ನೋಡಿಕೊಳ್ಳಿ.

6. ಡೀಸೆಲ್ ದಾರಿ, ಹೊಗೆ ಇಲ್ಲದಿದ್ದರೆ. ಮೊದಲು ಟ್ಯಾಂಕಿನ ಮುಚ್ಚಳ. ಓಡಿಸಿ ನಿಲ್ಲಿಸಿದ ಕೂಡಲೇ ಬಿಚ್ಚಿದಾಗ ಬುಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿತೂತು ಕಟ್ಟಿದೆ. ನಂತರ ಫಿಲ್ಟರಿನ ತಳದ ನೀರು ಇಳಿಸಿ, ಫಿಲ್ಟರ್ ಬದಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಒಳಬರುವ ಬೋಲ್ಟಿನಲ್ಲಿ ಸಣ್ಣ ಜಾಲರಿ ಇದ್ದರೆ ತೊಳೆಯಿರಿ. ಇಂಜೆಕ್ಷನ್ ಪಂಪಿಗೆ (ಮೇಲೆ ಪಂಪ್ ಎಂದದ್ದು ಇದನ್ನೇ) ಹೋಗುವ ಕಡೆ ಪಾರದರ್ಶಕ ಪೈಪ್ ಹಾಕಿ ನೋಡಿದಾಗ ನಿಲ್ಲದೆ ಗುಳ್ಳೆ ಓಡುತ್ತಿದ್ದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಲ್ಲೋ ಗಾಳಿ ಎಳೆಯುತ್ತಿದೆ. ಆ ಭಾಗದಲ್ಲಿ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಣಗಿರುವ ಜಾಯಿಂಟೂ ತಪ್ಪಿತಸ್ಥ ಆಗಿರಬಹುದು.

ಇನ್ನೂ ಅನುಮಾನವಿದ್ದರೆ 5 ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಸೈಲೆನ್ಸರಿನಿಂದ ದೂರ, ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಹೊಸ ಫಿಲ್ಟರಿನ ಮೂಲಕ ನೇರ ಪಂಪಿಗೆ ಕೊಟ್ಟು ಓಡಿಸಿ. ದಮ್ ಬಂತೆಂದರೆ ಕಾಯಿಲೆ ಟ್ಯಾಂಕ್, ಪೈಪ್, ಫೀಡ್ ಪಂಪಿನೊಳಗೇ ಇದೆ, ಇಂಜೆಕ್ಷನ್ ಪಂಪನ್ನು ಮುಟ್ಟಬೇಕಾಗಿಲ್ಲ. ಬರಲಿಲ್ಲ, ಮೇಲಾಗಿ ಬಿಸಿಯಿದ್ದಾಗ ಸ್ಟಾರ್ಟ್ ಆಗಲು ಸತಾಯಿಸುತ್ತದೆ ಎಂದಾದರೆ ರೋಟರಿ ಪಂಪಿನ ತಲೆ ಸವೆದಿರುವುದು ಹೆಚ್ಚು ಸಂಭವ, ಬಿಸಿಗೆ ತೆಳುವಾದ ಡೀಸೆಲ್ ಸವೆದ ಸಂದಿನಲ್ಲಿ ಹಿಂದಕ್ಕೆ ಜಾರುತ್ತದೆ. ಪಂಪಿನ ಮೇಲೆ ತಣ್ಣೀರು ಸುರಿದು ಸ್ಟಾರ್ಟ್ ಮಾಡುವ ಉಪಾಯ ಇದೇ ಕಾರಣಕ್ಕೆ ಫಲಿಸುತ್ತದೆ. ಆದರೆ ಪಂಪ್ ಒಮ್ಮೆಲೇ ಕುಗ್ಗಿ ಜಾಮ್ ಆಗುವ ಭಯವೂ ಅದರಲ್ಲೇ ಇದೆ.

7. ಟ್ಯಾಪೆಟ್ ಮತ್ತು ಟೈಮಿಂಗ್. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಂತೆ ದಮ್ ಇಳಿದರೆ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ನೋಡಿ. ಗ್ಯಾಪ್ ಇಲ್ಲದ ವಾಲ್ವ್ ಬಿಸಿಗೆ ಉದ್ದವಾಗಿ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಸೋರಿ ವಾಲ್ವೂ ಸುಡುತ್ತದೆ. ಇತ್ತೀಚೆಗೆ ಪಂಪ್ ಇಳಿಸಿ ಕೂರಿಸಿದ್ದರೆ ಟೈಮಿಂಗ್ ಮೇಲೆ ಅನುಮಾನ ಇರಲಿ. ತಡವಾಗಿ ಬಿದ್ದ ಡೀಸೆಲ್ ಪಿಸ್ಟನ್ ಕೆಳಗಿಳಿಯುವಾಗಲೂ ಉರಿಯುತ್ತಿರುತ್ತದೆ. ದೂಡಬೇಕಾದ ಶಕ್ತಿ ಹೆಡ್ಡಿಗೂ ಸೈಲೆನ್ಸರಿಗೂ ಶಾಖವಾಗಿ ಹೋಗುತ್ತದೆ. ಸದ್ದು ಮೆತ್ತಗಾಯಿತು, ಎಂಜಿನ್ ಸ್ಮೂತ್ ಆಯಿತು ಎಂದು ಖುಷಿಪಡುವವರಿದ್ದಾರೆ, ಅದೇ ಲಕ್ಷಣ. ಗ್ಯಾಪ್, ಟೈಮಿಂಗ್ ಅಂಕಿಗಳನ್ನು ನಿಮ್ಮ ಎಂಜಿನ್ನಿನ ಮ್ಯಾನುವಲ್‌ನಿಂದಲೇ ತೆಗೆದುಕೊಳ್ಳಿ.

ಹೀಟಿನ ಕಡೆಯಿಂದ

ಬಿಸಿ ರೇಡಿಯೇಟರಿನ ಮುಚ್ಚಳ ಬಿಚ್ಚಬಾರದೆಂದು ಎಲ್ಲರಿಗೂ ಗೊತ್ತು, ಸುಟ್ಟುಕೊಳ್ಳುವವರೂ ಗೊತ್ತಿದ್ದವರೇ. ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ಹಿಡಿದುಕೊಳ್ಳುವಷ್ಟು ತಣ್ಣಗಾಗಲಿ. ಆಮೇಲೆ ದಪ್ಪ ಬಟ್ಟೆ ಹಾಕಿ ಮೊದಲ ತಡೆವರೆಗೆ ತಿರುಗಿಸಿ, ಆವಿ ಬಿಟ್ಟು ಪೂರ್ತಿ ತೆಗೆಯಿರಿ.

ಕ್ಯಾಪಿನಿಂದಲೇ ಶುರು ಮಾಡಿ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಹಿಡಿಯುವ ಕ್ಯಾಪ್ ಅದನ್ನು 115 ಡಿಗ್ರಿಗಿಂತ ಮೇಲಕ್ಕೆ ತಳ್ಳುತ್ತದೆ. ರಬ್ಬರ್ ಒಣಗಿದ ಕ್ಯಾಪ್ ಈ ರಕ್ಷಣೆಯನ್ನೇ ತೆಗೆದುಹಾಕುವುದರಿಂದ ಎಂಜಿನ್ ಸರಿಯಿದ್ದರೂ ನೀರು ಉಕ್ಕಿ ಹೊರಗೆ ಹೋಗುತ್ತದೆ. ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಕ್ಯಾಪಿನ ನಡುವಿನ ಸಣ್ಣ ವಾಲ್ವ್ ಅಂಟಿಕೊಂಡಿದೆ, ಉಕ್ಕಿದ ನೀರು ಸೇರುವ ಬಾಟಲಿಯಿಂದ ನೀರು ಹಿಂದಕ್ಕೆ ಬರುತ್ತಿಲ್ಲ. ಹೊಸದು ತರುವಾಗ ಹಳೆಯದರ ಮೇಲೆ ಬರೆದ ಅಂಕಿಯನ್ನೇ ನೋಡಿ ತನ್ನಿ.

ಬೆಲ್ಟಿನ ನಡುವೆ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿದರೆ 10ರಿಂದ 12 ಮಿ.ಮೀ. ತಗ್ಗಬೇಕು. ಬೆಲ್ಟಿನ ಒಳಬದಿ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ. ವಿಸ್ಕಸ್ ಫ್ಯಾನ್ (ಒಳಗಿನ ದಪ್ಪ ಎಣ್ಣೆಯ ಹಿಡಿತದಿಂದ ತಿರುಗುವಂಥದ್ದು) ಆದರೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ ಕೈಯಿಂದ ತಿರುಗಿಸಿ. ತಡೆಯಿರಬೇಕು, ಬಿಟ್ಟೊಡನೆ ನಿಲ್ಲಬೇಕು. ಸುತ್ತುತ್ತಲೇ ಇದ್ದರೆ ಅದರ ಒಳಗಿನ ಸಿಲಿಕೋನ್ ಎಣ್ಣೆ ಹೋಗಿದೆ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವರ್ ಮುರಿದಿದೆ ಎಂದು ಬಿಸಾಡಿ ಓಡಿಸುವವರು ಬಹಳ. ಆ ಕವರ್ ಇಲ್ಲದಿದ್ದರೆ ಫ್ಯಾನ್ ರೇಡಿಯೇಟರಿನ ಮೂಲಕ ಎಳೆಯುವ ಬದಲು ಬದಿಯ ಗಾಳಿಯನ್ನೇ ಕಲಕುತ್ತಿರುತ್ತದೆ.

ರೇಡಿಯೇಟರಿನ ಹೊರಮೈಗೆ ಹುಲ್ಲಿನ ಚೂರು, ಹುಳ, ಕೆಸರು ಮೆತ್ತಿರುತ್ತದೆ. ನೀರನ್ನು ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ಬಿಡಿ. ಮುಂದಿನಿಂದ ಜೋರಾಗಿ ಹೊಡೆದರೆ ಕಸ ಇನ್ನಷ್ಟು ಒಳಗೆ ಕೂತು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಇಂಟರ್‌ಕೂಲರ್ ರೇಡಿಯೇಟರಿನ ಮುಂದಿದ್ದರೆ ಎರಡರ ನಡುವಿನ ಸಂದಿಯಲ್ಲಿ ಕಂಬಳಿಯಂಥ ಪದರವೇ ಸಿಗುತ್ತದೆ.

ಒಳಗಿನ ಕಟ್ಟುವಿಕೆಗೆ ಥರ್ಮಾಮೀಟರ್ ಬೇಕು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ರೇಡಿಯೇಟರಿನ ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಅಳೆಯುತ್ತಾ ಬನ್ನಿ. ನೀರು ಹರಿಯುವ ದಿಕ್ಕಿನಲ್ಲಿ ಶಾಖ ಒಂದೇ ಸಮನೆ ಇಳಿಯಬೇಕು, ನಡುವೆ ತಣ್ಣಗಿನ ಪಟ್ಟೆ ಸಿಕ್ಕರೆ ಅಲ್ಲಿನ ನಾಳಗಳು ಮುಚ್ಚಿವೆ. ಲೋಡಿನಲ್ಲಿ ಓಡಿಸಿ ನಿಲ್ಲಿಸಿದ ಕೂಡಲೇ ಮೇಲಿನ ಮತ್ತು ಕೆಳಗಿನ ಹೋಸ್ ಅಳೆದಾಗ ಸುಮಾರು 6ರಿಂದ 10 ಡಿಗ್ರಿ ವ್ಯತ್ಯಾಸ ಸಹಜ. 20 ದಾಟಿದರೆ ನೀರು ತೀರಾ ನಿಧಾನ ಹರಿಯುತ್ತಿದೆ. ವ್ಯತ್ಯಾಸವೇ ಇಲ್ಲದೆ ಎರಡೂ ಕಾದಿದ್ದರೆ ಗಾಳಿ ಸಾಲದು.

ಕೋಲಾರ, ವಿಜಯಪುರದಂಥ ಕಡೆ ಬೋರ್‌ವೆಲ್ಲಿನ ಗಡಸು ನೀರು ತುಂಬುತ್ತಾ ಬಂದ ಗಾಡಿಯಲ್ಲಿ ನೀರು ಕಾಯಿಸುವ ಹಂಡೆಯ ತಳದಂತೆ ಬಿಳಿ ಪದರ ಕಟ್ಟಿರುತ್ತದೆ. ಅದನ್ನು ತೆಗೆಯಲು ಥರ್ಮೋಸ್ಟಾಟ್ ಸ್ಥಿತಿ ಮೊದಲು ಖಚಿತಪಡಿಸಿಕೊಂಡು, ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ತುಂಬಿ, ಎಂಜಿನ್ 80 ಡಿಗ್ರಿಗೆ ಬಂದ ಮೇಲೆ 15 ನಿಮಿಷ ಓಡಿಸಿ, ತಣಿಸಿ ಇಳಿಸಿ. ಸ್ವಚ್ಛ ನೀರು ಬರುವವರೆಗೆ ಮೂರ್ನಾಲ್ಕು ಸಲ ತೊಳೆಯಿರಿ. ಬಾತ್‌ರೂಮ್ ತೊಳೆಯುವ ಆಸಿಡ್ ಬೇಡವೇ ಬೇಡ, ಅಲ್ಯೂಮಿನಿಯಂ ಹೆಡ್ಡನ್ನೂ ರೇಡಿಯೇಟರನ್ನೂ ಅದು ತಿಂದುಹಾಕುತ್ತದೆ. ಬಹಳ ಹಳೆಯ ಹಿತ್ತಾಳೆ ರೇಡಿಯೇಟರಿನಲ್ಲಿ ಆ ಪದರವೇ ಸಣ್ಣ ತೂತುಗಳನ್ನು ಮುಚ್ಚಿರುವುದುಂಟು, ತೊಳೆದ ಮರುದಿನ ಸೋರಿದರೆ ಆಸಿಡ್ಡನ್ನು ಬೈಯಬೇಡಿ.

ಥರ್ಮೋಸ್ಟಾಟ್ ತೆಗೆದು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೈಮೇಲೆ 82 ಎಂದಿದ್ದರೆ ಆ ಶಾಖಕ್ಕೆ ತೆರೆಯತೊಡಗಿ, ನೀರು 95ರ ಹತ್ತಿರ ಬರುವಾಗ 8 ಮಿ.ಮೀ. ಆಸುಪಾಸು ತೆರೆದಿರಬೇಕು. ತೆರೆಯದಿದ್ದರೆ ಹೊಸದು ಹಾಕಿ. “ಅದನ್ನು ತೆಗೆದು ಬಿಸಾಕಿ, ನಮ್ಮ ಊರಿನ ಬಿಸಿಲಿಗೆ ಬೇಡ” ಎನ್ನುವ ಸಲಹೆ ಯಾವ ಊರಿಗೆ ಹೋದರೂ ಸಿಗುತ್ತದೆ, ಕೇಳಬೇಡಿ. ಬೈಪಾಸ್ ಇರುವ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಕೆಳಗಿನ ತಟ್ಟೆ ಬೈಪಾಸ್ ದಾರಿ ಮುಚ್ಚುತ್ತದೆ. ಅದನ್ನೇ ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ. ಘಾಟಿಯಲ್ಲಿ ಹೀಟ್ ಇನ್ನೂ ಹೆಚ್ಚು, ಚಳಿಯಲ್ಲಿ ಎಂಜಿನ್ ಬಿಸಿಯಾಗದೆ ಮೈಲೇಜ್ ನಷ್ಟ.

ವಾಟರ್ ಬಾಡಿಯ ಅಡಿಯ ಸಣ್ಣ ತೂತಿನಿಂದ ನೀರು ಜಿನುಗಿದ ಕಲೆ, ಪುಲ್ಲಿಯಲ್ಲಿ ಅಲುಗಾಟ, ಎರಡೂ ಬದಲಿಸುವ ಸೂಚನೆ. ಕೆಳಗಿನ ಹೋಸನ್ನು ಎಂಜಿನ್ ನಿಮಿಷಕ್ಕೆ 2,500 ಸುತ್ತಿನಲ್ಲಿರುವಾಗ ನೋಡಿ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿದ್ದರೆ ಪಂಪಿನ ಎಳೆತಕ್ಕೆ ಅದು ಚಪ್ಪಟೆಯಾಗಿ ನೀರಿನ ದಾರಿಯೇ ಮುಚ್ಚುತ್ತದೆ. ನಿಂತಾಗ ಎಲ್ಲ ಸರಿ ಕಾಣುವುದರಿಂದ ಇದು ಸಿಗದೆ ವರ್ಷಗಟ್ಟಲೆ ಸತಾಯಿಸುತ್ತದೆ.

ಹೆಡ್ ಗ್ಯಾಸ್ಕೆಟ್ ಅನುಮಾನ

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಡಿದುಕೊಳ್ಳಿ. ನೀರಿನ್ನೂ ತಣ್ಣಗಿದೆ, ಆದರೂ ಒಂದೆರಡು ನಿಮಿಷದಲ್ಲಿ ಹೋಸ್ ಕಲ್ಲಿನಂತೆ ಬಿಗಿದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಬರುತ್ತಿದೆ. ಇನ್ನೊಂದು ಬಗೆ: ತಣ್ಣಗಿರುವಾಗಲೇ ಕ್ಯಾಪ್ ತೆಗೆದು, ಫ್ಯಾನ್ ಬೆಲ್ಟ್ ಬಿಚ್ಚಿ ವಾಟರ್ ಬಾಡಿ ತಿರುಗದಂತೆ ಮಾಡಿ, ಒಂದು ನಿಮಿಷ ಮಾತ್ರ ಸ್ಟಾರ್ಟ್ ಮಾಡಿ. ನೀರು ಅಲುಗದೆ ಇರಬೇಕಾದಲ್ಲಿ ಗುಳ್ಳೆ ಏಳುತ್ತಾ ಇದ್ದರೆ ಸಂಶಯ ಬೇಡ. ಆಯಿಲ್ ಮುಚ್ಚಳದಡಿ ಕಾಫಿ ನೊರೆಯಂಥ ಕೆನೆ ಇದ್ದರೂ ಎಚ್ಚರ. ಸಣ್ಣ ಓಡಾಟದ ಗಾಡಿಯಲ್ಲಿ ಬರೀ ತೇವದಿಂದಲೂ ಅದು ಬರಬಹುದು, ಡಿಪ್‌ಸ್ಟಿಕ್ಕಿನಲ್ಲೂ ಕಂಡರೆ ಮಾತ್ರ ನೀರು ಸೇರಿದೆ.

ಹೆಡ್ ಇಳಿಸಲೇಬೇಕಾದರೆ ಗ್ಯಾಸ್ಕೆಟ್ ಬದಲಿಸಿ ಮುಚ್ಚುವುದಷ್ಟೇ ಸಾಲದು. ನೇರ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ. 0.1 ಮಿ.ಮೀ. ಎಲೆ ಸಲೀಸಾಗಿ ನುಗ್ಗಿದರೆ ಹೆಡ್ ಬಾಗಿದೆ, ಲೇತ್‌ನವರಿಗೆ ಕೊಡಿ, ಕ್ರ್ಯಾಕ್ ಟೆಸ್ಟ್ ಸಹ ಮಾಡಿಸಿ. ಬ್ಲಾಕಿನ ಮೇಲ್ಮೈಯನ್ನೂ ಹಾಗೆಯೇ ನೋಡಿ. ಬೋಲ್ಟ್‌ಗಳನ್ನು ಮ್ಯಾನುವಲ್ಲಿನ ಕ್ರಮದಲ್ಲಿ, ಟಾರ್ಕ್ ರೆಂಚಿನಲ್ಲಿ, ಹಂತ ಹಂತವಾಗಿ ಬಿಗಿಯಿರಿ. ಬೋಲ್ಟ್ ತೂತಿನಲ್ಲಿ ಎಣ್ಣೆ ಅಥವಾ ನೀರು ನಿಂತಿದ್ದರೆ ರೆಂಚ್ ಸುಳ್ಳು ಹೇಳುತ್ತದೆ, ಬ್ಲಾಕೂ ಬಿರಿಯಬಹುದು. ಮುಖ್ಯವಾಗಿ, ಗ್ಯಾಸ್ಕೆಟ್ ಯಾಕೆ ಹೋಯಿತೆಂದು ಸಿಕ್ಕದೆ ಮುಚ್ಚಬೇಡಿ. ಕಟ್ಟಿದ ರೇಡಿಯೇಟರ್ ಹಾಗೇ ಉಳಿದರೆ ಹೊಸ ಗ್ಯಾಸ್ಕೆಟ್ಟೂ ಸುಟ್ಟುಹೋಗುತ್ತದೆ.

ರಸ್ತೆಯಲ್ಲಿ ಮುಳ್ಳು ಕೆಂಪಿಗೆ ಬಂದರೆ

ನೀರು ಸೋರಿಲ್ಲ, ಬೆಲ್ಟ್ ಇದೆ, ಘಾಟಿ ಏರಿದ ಸುಸ್ತು ಮಾತ್ರ ಎಂದಾದರೆ ಬದಿಗೆ ನಿಲ್ಲಿಸಿ ಎರಡು ಮೂರು ನಿಮಿಷ ಐಡಲಿನಲ್ಲಿ ಬಿಡಿ, ಮುಳ್ಳು ಇಳಿಯುತ್ತದೆ. ಆವಿ ಏಳುತ್ತಿದ್ದರೆ, ಬೆಲ್ಟ್ ಹರಿದಿದ್ದರೆ ತಕ್ಷಣ ಆಫ್. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು. ಅರ್ಧ ಗಂಟೆಯಾದರೂ ಕಾದು, ಎಂಜಿನ್ ಐಡಲಿನಲ್ಲಿರುವಾಗ ನಿಧಾನವಾಗಿ ತುಂಬಿ.

ಏರಿನಲ್ಲಿ ಗೇರ್ ಇಳಿಸಲು ಜಿಪುಣತನ ಮಾಡುವ ಚಾಲಕನಿಂದಲೂ ಹೀಟ್ ಬರುತ್ತದೆ. ಫ್ಯಾನೂ ವಾಟರ್ ಬಾಡಿಯೂ ತಿರುಗುವುದು ಎಂಜಿನ್ ವೇಗಕ್ಕೆ ತಕ್ಕಂತೆ. ಟಾಪ್ ಗೇರಿನಲ್ಲಿ ನರಳಿಸುತ್ತಾ ಹತ್ತಿಸಿದರೆ ಲೋಡ್ ಪೂರ್ತಿ, ತಂಪು ಅರ್ಧ. ಒಂದು ಗೇರ್ ಇಳಿಸಿ, ಎಕ್ಸಲರೇಟರ್ ಸ್ವಲ್ಪ ಬಿಡಿ.

ಮತ್ತೆ ತುಂಬುವಾಗ

ಡಿಸ್ಟಿಲ್ಡ್ ನೀರು ಅರ್ಧ, ಕೂಲೆಂಟ್ ಅರ್ಧ, ಅಥವಾ ನೇರ ತುಂಬುವ ರೆಡಿ ಮಿಕ್ಸ್. ಹಸಿರು, ಕೆಂಪು ಎಂದು ಬೇರೆ ಬೇರೆ ಕೂಲೆಂಟ್ ಬೆರೆಸಬೇಡಿ, ಕೆಲವು ಸೇರಿ ಲೋಳೆಯಾಗುತ್ತವೆ. ಮೂತಿ ಎತ್ತರವಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಹೋಸ್‌ಗಳನ್ನು ಹಿಸುಕುತ್ತಾ ಗುಳ್ಳೆ ಹೊರಗೆ ಬಿಡಿ. ಮಟ್ಟ ಇಳಿದಂತೆ ತುಂಬುತ್ತಿರಿ. ಮೊದಲ ಪರೀಕ್ಷೆ ಖಾಲಿ ಗಾಡಿಯಲ್ಲಿ 20 ಕಿ.ಮೀ., ಎರಡನೆಯದು ಅರ್ಧ ಲೋಡಿನಲ್ಲಿ, ಘಾಟಿ ಆಮೇಲೆ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ರೇಡಿಯೇಟರಿನ ಕ್ಯಾಪ್ ತೆಗೆದು ನೋಡಿ. ನೀರು ಕುತ್ತಿಗೆಯವರೆಗೆ ಇಲ್ಲದಿದ್ದರೆ ಒಳಗೆ ಉಳಿದಿದ್ದ ಗಾಳಿ ಹೋಗಿದೆ, ತುಂಬಿಸಿ. ಮೂರನೆಯ ದಿನವೂ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಹುಡುಕಾಟ ಮತ್ತೆ ಕ್ಯಾಪಿನಿಂದ.